ಪೆಟ್ರೋಲಿನ ತಮ್ಮ, ಸೀಮೆಎಣ್ಣೆಯ ಅಣ್ಣ

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು "ಯಾವೂರು?" ಎಂದು ಕೇಳಿ, ನಾನು "ಕೊಳ್ಳೇಗಾಲ" ಎಂದರೆ ಎರಡರಲ್ಲಿ ಒಂದು ನಡೆದೇ ನಡೆಯುತ್ತದೆ. ಹೆಂಗಸರಾದರೆ "ಅಲ್ಲಿ ಮಗ್ಗದವರ ಮನೇಲೇ ರೇಷ್ಮೆ ಸೀರೆ ಸಿಗುತ್ತಂತಲ್ಲ, ಕಡಿಮೆಗೆ ಕೊಡ್ತಾರಾ?" ಎಂದು ಹತ್ತಿರ ಸರಿಯುತ್ತಾರೆ. ಗಂಡಸರಾದರೆ ನಗುನಗುತ್ತಲೇ ಅರ್ಧ ಗೇಣು ದೂರ ಸರಿಯುತ್ತಾರೆ. ಮಾಟಮಂತ್ರಕ್ಕೆ ನಮ್ಮೂರು ಯಾವ ಕಾಲದಲ್ಲಿ ಹೆಸರು ಮಾಡಿತೋ, ಇಂದಿಗೂ ಮೈಸೂರು ಸೀಮೆಯಲ್ಲಿ ದಾಯಾದಿಗಳ ಜಗಳ ತಾರಕಕ್ಕೇರಿದರೆ "ಕೊಳ್ಳೇಗಾಲಕ್ಕೆ ಹೋಗಿಬರ್ತೀನಿ, ನೋಡ್ತಾ ಇರು" ಎಂಬ ಮಾತು ಬಂದೇಬರುತ್ತದೆ. ಹಾಗೆ ಹೊರಟುಬಂದವರಲ್ಲಿ ಮುಕ್ಕಾಲು ಪಾಲು ಜನ ಹೆಂಡತಿಗೆ ಸೀರೆ ಕೊಂಡು ವಾಪಸಾಗಿರುತ್ತಾರೆ ಎಂಬುದು ನನ್ನ ಬಲವಾದ ಗುಮಾನಿ.

ನಾನೀಗ ಹರಟಲು ಹೊರಟಿರುವ ವಸ್ತುವಿಗೆ ಈ ಎರಡು ಖ್ಯಾತಿಗಳ ನಂಟೂ ಉಂಟು. ಅದು ಸೀರೆಯ ಕಲೆಯನ್ನು ಮಾಯ ಮಾಡುತ್ತದೆ, ಆಮೇಲೆ ತಾನೂ ಮಾಯವಾಗುತ್ತದೆ. ನೀರಿನಷ್ಟು ತಿಳಿಯಾದ ಒಂದು ಎಣ್ಣೆ ಅದು. ಇಸ್ತ್ರಿ ಅಂಗಡಿಯ ಬೋರ್ಡಿನಲ್ಲಿ "ರೋಲ್ ಪ್ರೆಸ್, ಫಾಲ್ಸ್, ಜಿಗ್‌ಜಾಗ್, ಸೀರೆಗೆ ಕುಚ್ಚು" ಎಂಬ ಸಾಲಿನ ಮೇಲೆ ದಪ್ಪಕ್ಷರದಲ್ಲಿ "ಪೆಟ್ರೋಲ್ ವಾಶ್" ಎಂದು ಬರೆದಿರುತ್ತದಲ್ಲ, ಅದೇ.

ನಮ್ಮ ಚಿಕ್ಕಮ್ಮನಂಥವರು ಆ ಬೋರ್ಡನ್ನು ಅಕ್ಷರಶಃ ನಂಬುತ್ತಾರೆ. ಅಂಗಡಿಯವನು ಬೆಳಿಗ್ಗೆ ಕ್ಯಾನು ಹಿಡಿದು ಬಂಕಿಗೆ ಹೋಗಿ, ಲೀಟರಿಗೆ ಇಷ್ಟು ಎಂದು ಕೊಟ್ಟು ಪೆಟ್ರೋಲು ತಂದು, ಅದರಲ್ಲಿ ಧಾರೆಸೀರೆ ಅದ್ದುತ್ತಾನೆ ಎಂಬುದು ಅವರ ತಿಳಿವಳಿಕೆ. ಪೆಟ್ರೋಲಿನ ದರ ಏರಿದಾಗ ಪಕ್ಕದ ಮನೆಯವರ ಸ್ಕೂಟರಿನ ಬಗ್ಗೆ ಕನಿಕರ ಪಡದೆ ತಮ್ಮ ಸೀರೆಗಳ ಬಗ್ಗೆ ಕಳವಳಗೊಂಡವರು ಅವರೊಬ್ಬರೇ ಇರಬೇಕು. ಅಂಗಡಿಯವರನ್ನೇ ಒಮ್ಮೆ ಕೇಳಿದರು. ಆತ ಕೈಮುಗಿದು, "ಬಂಕಿನ್ ಪೆಟ್ರೋಲಾ? ಅದ ಹಾಕುದ್ರ ಅಂಗ್ಡಿನೂ ಇರಲ್ಲ, ನಾನೂ ಇರಲ್ಲ ಕಣವ್ವ. ಇದು ಎಂಟಿಒ" ಅಂದ. ಚಿಕ್ಕಮ್ಮನಿಗೆ ಎಂಟಿಒ ಎಂದರೆ ಯಾವುದೋ ಆಫೀಸರ ಹುದ್ದೆಯಂತೆ ಕೇಳಿಸಿ ಇನ್ನಷ್ಟು ಗಾಬರಿಯಾಯಿತು.

ಎಂಟಿಒ ಎಂದರೆ ಮಿನರಲ್ ಟರ್ಪಂಟೈನ್ ಆಯಿಲ್. ಪರದೇಶದಲ್ಲಿ ಇದರ ಹತ್ತಿರದ ನೆಂಟನಿಗೆ ವೈಟ್ ಸ್ಪಿರಿಟ್ ಎನ್ನುತ್ತಾರೆ. ಕಚ್ಚಾತೈಲವನ್ನು ಸಂಸ್ಕರಣಾಗಾರದ ಎತ್ತರದ ಗೋಪುರದಲ್ಲಿ ಕಾಯಿಸಿದಾಗ ಹಗುರಾದದ್ದು ಮೇಲಕ್ಕೂ ಭಾರವಾದದ್ದು ಕೆಳಕ್ಕೂ ಬೇರೆಬೇರೆಯಾಗಿ ಇಳಿಯುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಮೊದಲು ಅಡುಗೆ ಅನಿಲ, ಆಮೇಲೆ ಪೆಟ್ರೋಲಿನ ಭಾಗ, ಆಮೇಲೆ ಸೀಮೆಎಣ್ಣೆ, ಡೀಸೆಲ್, ಕೊನೆಗೆ ರಸ್ತೆಯ ಡಾಂಬರು. ಪೆಟ್ರೋಲಿಗೂ ಸೀಮೆಎಣ್ಣೆಗೂ ನಡುವೆ ಹುಟ್ಟಿದ ಸಂತಾನ ಇದು. ಅಣ್ಣನ ಸಿಡುಕು ಅಷ್ಟಾಗಿ ಇಲ್ಲ, ತಮ್ಮನ ಜಿಡ್ಡೂ ಇಲ್ಲ. ಭಾರತೀಯ ಮಾನಕದ ಪುಸ್ತಕದಲ್ಲಿ ಇದಕ್ಕೆ ಐಎಸ್ 1745 ಎಂಬ ಸಂಖ್ಯೆ, ಪೆಟ್ರೋಲಿಯಂ ಹೈಡ್ರೊಕಾರ್ಬನ್ ದ್ರಾವಕ ಎಂಬ ಗಂಭೀರ ಹೆಸರು. ಅದರೊಳಗೆ 145/205 ಎಂಬ ದರ್ಜೆ. ಕುದಿಯಲು ತೊಡಗುವುದು 145 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ಪೂರ್ತಿ ಆವಿಯಾಗಿ ಮುಗಿಯುವುದು 205ರೊಳಗೆ. ನೀರಿಗೆ ಕುದಿಯುವ ಬಿಂದು ಒಂದೇ. ಇದಕ್ಕೆ ಮಾತ್ರ ಇಷ್ಟುದ್ದದ ಹಾದಿ, ಏಕೆಂದರೆ ಇದು ಒಂದೇ ವಸ್ತುವಲ್ಲ. ಹೆಚ್ಚುಕಡಿಮೆ ಎಂಟರಿಂದ ಹನ್ನೆರಡು ಇಂಗಾಲದ ಪರಮಾಣುಗಳಿರುವ ಹತ್ತಾರು ಹೈಡ್ರೊಕಾರ್ಬನ್‌ಗಳ ಕೂಡುಕುಟುಂಬ. ಲೀಟರಿಗೆ ಸುಮಾರು 780 ಗ್ರಾಂ ತೂಗುತ್ತದೆ. ನೀರಿನ ಮೇಲೆ ತೇಲುತ್ತದೆ, ನೀರಿನೊಡನೆ ಬೆರೆಯುವುದಿಲ್ಲ.

ಬಂಕಿನ ಪೆಟ್ರೋಲು ಹಾಕಿದರೆ ಅಂಗಡಿ ಇರುವುದಿಲ್ಲ ಎಂದನಲ್ಲ ಆತ, ಆ ಮಾತಿನಲ್ಲಿ ಲೆಕ್ಕವಿದೆ. ಪೆಟ್ರೋಲಿನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯೇ ಸಾಕು. ಹಿಮಾಲಯದ ತುದಿಯಲ್ಲೂ ಅದು ಸಿದ್ಧ. ಎಂಟಿಒ ಆ ಮಟ್ಟ ಮುಟ್ಟಲು 30 ಡಿಗ್ರಿಯಾದರೂ ದಾಟಬೇಕು. ಇದನ್ನು ಓದಿ ಲಂಡನ್ನಿನವರು ನೆಮ್ಮದಿಯಿಂದ ಇರಬಹುದು. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಸೂರಿನ ಅಂಗಡಿಯೊಳಗೆ ಉಷ್ಣಾಂಶ ಎಷ್ಟಿರುತ್ತದೆಂದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾದವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ತಮ್ಮನೂ ಅಣ್ಣನ ಬುದ್ಧಿಯನ್ನೇ ತೋರಿಸುತ್ತಾನೆ ಎಂದಿಟ್ಟುಕೊಳ್ಳಿ.

ಇಷ್ಟೆಲ್ಲ ಅಪಾಯ ಹೊತ್ತು ಸೀರೆಯನ್ನು ಎಣ್ಣೆಯಲ್ಲಿ ಯಾಕೆ ಒಗೆಯಬೇಕು, ಕಾವೇರಿ ನೀರಿಗೇನು ಬರವೇ ಎಂದು ಕೇಳಬಹುದು. ಅದಕ್ಕೆ ರೇಷ್ಮೆಯ ಸ್ವಭಾವ ಹೇಳಬೇಕು, ರೇಷ್ಮೆಯ ಮಾತು ಬಂದಮೇಲೆ ನಮ್ಮೂರಿನ ಹಿರಿಮೆಯನ್ನು ತುಸು ಕೊಚ್ಚಿಕೊಳ್ಳದಿದ್ದರೆ ಹುಟ್ಟಿದೂರಿಗೆ ದ್ರೋಹ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮೈಸೂರಿನದಲ್ಲ. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಷ್ಟು ದೊಡ್ಡ ಮದರಾಸು ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕಸುಬು ಗಟ್ಟಿಯಾಗಿ ಬೇರುಬಿಟ್ಟಿದ್ದ ಜಾಗವೆಂದರೆ ನಮ್ಮದೇ. ಪಕ್ಕದ ಯಳಂದೂರು ಮಾತ್ರ ಆಗಲೂ ಮೈಸೂರಿನ ಕಡೆಗೇ ಇತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು ಅದು. ಹೀಗಾಗಿ ಒಂದೇ ಗದ್ದೆಬಯಲಿನ ಈಚೆ ದಡ ಒಂದು ಸರ್ಕಾರ, ಆಚೆ ದಡ ಇನ್ನೊಂದು. ಹುಳುವಿಗೆ ಗಡಿ ಗೊತ್ತಿಲ್ಲ, ಎರಡೂ ಕಡೆ ಸೊಪ್ಪು ತಿಂದು ಗೂಡು ಕಟ್ಟಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಮೇಲೆ ಎಲ್ಲರೂ ಒಂದೇ ಮನೆಯವರು. ಮುಡಿಗುಂಡದ ಕಡೆ ಈಗಲೂ ನಡೆದುಹೋದರೆ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ, ಮುಂಚಿನಷ್ಟಿಲ್ಲ ಅಷ್ಟೆ.

ರೇಷ್ಮೆ ಹುಳುವಿನ ಬಾಯಿಂದ ಬಂದ ಪ್ರೊಟೀನು. ಅದರ ಮೇಲಿನ ಅಂಟನ್ನು ಸೋಪುನೀರಿನಲ್ಲಿ ಬೇಯಿಸಿ ತೆಗೆದು, ಬಣ್ಣ ಹಾಕಿ, ಮಗ್ಗಕ್ಕೆ ಏರಿಸುತ್ತಾರೆ. ನೀರು ಕಂಡರೆ ಈ ಎಳೆ ಉಬ್ಬುತ್ತದೆ, ನೆನೆದಾಗ ಅದರ ಬಲವೂ ಕುಗ್ಗುತ್ತದೆ. ಬಣ್ಣ ಸರಿಯಾಗಿ ಕೂತಿರದಿದ್ದರೆ ಅಂಚಿನ ಕುಂಕುಮ ಒಡಲಿನ ಹಾಲುಬಣ್ಣಕ್ಕೆ ಇಳಿಯುತ್ತದೆ. ಒಡಲೂ ಸೆರಗೂ ಜರಿಯೂ ಒಂದೊಂದು ಒಂದೊಂದು ಪ್ರಮಾಣದಲ್ಲಿ ಸೆಳೆದುಕೊಂಡು ಸೀರೆ ಸೊಟ್ಟಗಾಗುತ್ತದೆ. ಎಂಟಿಒ ಈ ಯಾವ ತಂಟೆಗೂ ಹೋಗುವುದಿಲ್ಲ. ಎಳೆಯೊಳಕ್ಕೆ ನುಗ್ಗುವುದಿಲ್ಲ, ಬಣ್ಣವನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಜಿಡ್ಡು ಮಾತ್ರ. ನೀರಿಗೂ ಜಿಡ್ಡಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಇದಕ್ಕೆ ಜಿಡ್ಡು ರಕ್ತಸಂಬಂಧಿ, ಕಂಡಕೂಡಲೆ ತಬ್ಬಿಕೊಂಡು ಹೊರಗೆ ಕರೆದೊಯ್ಯುತ್ತದೆ.

ಇಲ್ಲಿಯೇ ಗಿರಾಕಿಗೂ ಅಂಗಡಿಯವರಿಗೂ ಜಟಾಪಟಿ ಶುರುವಾಗುವುದು. ಮದುವೆಯ ಸೀರೆಯ ಮೇಲೆ ಒಂದೇ ಜಾತಿಯ ಕಲೆ ಇರುತ್ತದೆಯೇ? ಹೋಳಿಗೆಗೆ ಬಡಿಸಿದ ತುಪ್ಪ ಇರುತ್ತದೆ. ಅದು ಎಂಟಿಒ ಕಂಡ ಮರುಕ್ಷಣ ಶರಣು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಲಿಪ್‌ಸ್ಟಿಕ್ಕಿನ ಮೇಣದ ಭಾಗ, ಹೋಮದ ಹೊಗೆಯ ಜಿಡ್ಡು, ಬೈಕಿನ ಚೈನಿಗೆ ತಾಗಿದ ಸೆರಗಿನ ಗ್ರೀಸು, ಎಲ್ಲ ಹೋಗುತ್ತವೆ. ಆದರೆ ಪಾಯಸ ಚೆಲ್ಲಿದ್ದರೆ? ಸಕ್ಕರೆಗೂ ಇದಕ್ಕೂ ಮುಖಪರಿಚಯವೂ ಇಲ್ಲ. ಬೆವರಿನ ಉಪ್ಪು? ಅದೂ ಇಲ್ಲ. ಕಾಫಿ, ಎಳನೀರು, ಪಾನಕ, ಮಗುವಿನ ಮೂತ್ರ ಇವೆಲ್ಲ ನೀರಿನ ಖಾತೆಗೆ ಸೇರಿದವು. ಅದಕ್ಕೇ ತಿಳಿದ ಅಂಗಡಿಯವರು ಎಣ್ಣೆಗೆ ಒಂದಿಷ್ಟು ವಿಶೇಷ ಸೋಪು, ಸೋಪಿನ ಹಿಡಿತದಲ್ಲಿ ಹನಿಯಷ್ಟು ನೀರು ಸೇರಿಸಿಕೊಂಡಿರುತ್ತಾರೆ. ಅದೂ ಸಾಲದಿದ್ದರೆ ಕಲೆಯಿರುವ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ.

ಎಲ್ಲಕ್ಕಿಂತ ಹಟಮಾರಿ ಅರಿಶಿನ. ಇದು ನಮ್ಮ ಜಿಲ್ಲೆಗೆ ತಕ್ಕ ವಿಪರ್ಯಾಸ. ಕೊಳ್ಳೇಗಾಲ, ಹನೂರು, ಚಾಮರಾಜನಗರದ ಹೊಲಗಳಲ್ಲಿ ಎತ್ತ ನೋಡಿದರೂ ಅರಿಶಿನ; ಅದೇ ಮಣ್ಣಿನಲ್ಲಿ ಹಿಪ್ಪುನೇರಳೆ. ಒಂದರಿಂದ ಸೀರೆ, ಇನ್ನೊಂದರಿಂದ ಸೀರೆಯ ಕಲೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅಡುಗೆಯಲ್ಲಿ ಎಣ್ಣೆಯೊಡನೆ ಚೆನ್ನಾಗಿ ಬೆರೆತಂತೆ ಕಂಡರೂ ಪೆಟ್ರೋಲಿಯಂ ಜಾತಿಯ ದ್ರಾವಕಗಳಿಗೆ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಸ್ಪಿರಿಟ್ಟಿಗೆ ಕರಗುತ್ತದೆ, ಆದರೆ ಸ್ಪಿರಿಟ್ಟು ಸೀರೆಯ ಬಣ್ಣವನ್ನೂ ಕೆದಕುತ್ತದೆ. ಹಾಗಾಗಿ ಅರಿಶಿನೆಣ್ಣೆ ಶಾಸ್ತ್ರದ ಸೀರೆಯನ್ನು ಪೆಟ್ರೋಲ್ ವಾಶಿಗೆ ಕೊಟ್ಟರೆ ಎಣ್ಣೆ ಹೋಗಿ ಅರಿಶಿನ ಉಳಿದು ಬರುತ್ತದೆ. "ದುಡ್ಡು ಇಸ್ಕಂಡು ಏನ್ ತೊಳೆದ್ಯೋ" ಎಂದು ಬೈಯುವ ಮುಂಚೆ ಅರ್ಧ ಕೆಲಸವನ್ನು ಆತ ಪ್ರಾಮಾಣಿಕವಾಗಿ ಮಾಡಿದ್ದಾನೆ ಎಂಬುದನ್ನು ಒಪ್ಪಬೇಕು. ಕಪ್ಪಾದ ಜರಿಯ ವಿಷಯವೂ ಹೀಗೆಯೇ. ಬೆಳ್ಳಿಯೆಳೆ ಗಾಳಿಯ ಗಂಧಕದೊಡನೆ ಸೇರಿ ಕಪ್ಪಾಗುವುದು ಕೊಳೆಯಲ್ಲ, ರಸಾಯನ ಕ್ರಿಯೆ. ಅದನ್ನು ಯಾವ ಎಣ್ಣೆಯೂ ಬಿಡಿಸುವುದಿಲ್ಲ.

ಎಣ್ಣೆಯಿಂದ ಎಣ್ಣೆ ತೆಗೆಯುವ ಈ ಉಪಾಯ ಮೊದಲು ಯಾರಿಗೆ ಹೊಳೆಯಿತು ಎಂಬುದಕ್ಕೆ ಒಂದು ಕತೆಯಿದೆ. 1825ರ ಸುಮಾರಿನಲ್ಲಿ ಪ್ಯಾರಿಸಿನಲ್ಲಿ ಬಣ್ಣಗಾರ ಜಾಲಿ ಎಂಬಾತನ ಮನೆಯ ಕೆಲಸದಾಕೆ ದೀಪ ಉರುಳಿಸಿ ಮೇಜುಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದಳಂತೆ; ಚೆಲ್ಲಿದ ಜಾಗವೇ ಬೆಳ್ಳಗಾಯಿತಂತೆ. ಎಲ್ಲ ದೊಡ್ಡ ಆವಿಷ್ಕಾರಗಳಲ್ಲೂ ಕೆಲಸದಾಕೆಯೇ ಕೈತಪ್ಪುವುದು, ಯಜಮಾನನೇ ಹೆಸರು ಪಡೆಯುವುದು. ಕತೆ ಎಷ್ಟು ನಿಜವೋ, ಜಾಲಿಯ ಅಂಗಡಿಯಂತೂ ನಿಜ. ಆಮೇಲೆ ಪೆಟ್ರೋಲು ಬಂತು, ಪೆಟ್ರೋಲಿನಲ್ಲೇ ಒಗೆದರು, ಅಂಗಡಿಗಳು ಸಾಲುಸಾಲಾಗಿ ಉರಿದವು. 1920ರ ದಶಕದಲ್ಲಿ ಅಮೆರಿಕದ ಅಟ್ಲಾಂಟಾದ ಸ್ಟಾಡರ್ಡ್ ಎಂಬ ಡ್ರೈಕ್ಲೀನಿಂಗ್ ಅಂಗಡಿಯವನು, ಮೆಲನ್ ಸಂಸ್ಥೆಯ ರಸಾಯನಜ್ಞ ಲಾಯ್ಡ್ ಜಾಕ್ಸನ್ ಜೊತೆ ಸೇರಿ, ಅಷ್ಟು ಸುಲಭಕ್ಕೆ ಹೊತ್ತದ ಎಣ್ಣೆಯ ಲೆಕ್ಕಾಚಾರ ಹಾಕಿದ. ಸುಮಾರು 38 ಡಿಗ್ರಿಯ ತನಕ ಹೊತ್ತಬಾರದು ಎಂಬುದು ಅದರ ಮುಖ್ಯ ಷರತ್ತು. 1928ರಲ್ಲಿ ಅಲ್ಲಿನ ಸರ್ಕಾರ ಅದನ್ನೇ ಮಾನಕವಾಗಿ ಪ್ರಕಟಿಸಿತು. ಇಂದಿಗೂ ಆ ದ್ರಾವಕಕ್ಕೆ ಸ್ಟಾಡರ್ಡ್‌ನದೇ ಹೆಸರು. ನಮ್ಮ ಎಂಟಿಒ ಅದೇ ಮನೆತನದ್ದು.

ಆಮೇಲೆ ಹೊತ್ತದೇ ಇರುವ ಪರ್ಕ್ಲೊರೊಎಥಿಲೀನ್ ಬಂತು. ಕ್ಲೋರಿನ್ ಸೇರಿದ ದ್ರಾವಕ, ಬೆಂಕಿಯ ಭಯವಿಲ್ಲ. ಜಗತ್ತಿನ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಹೆಚ್ಚಿನವು ಎಂಟಿಒ ಮನೆತನವನ್ನು ಬಿಟ್ಟು ಅದರ ಹಿಂದೆ ಓಡಿದವು. ಐವತ್ತು ಅರವತ್ತು ವರ್ಷ ಓಡಿದಮೇಲೆ ಅದು ಕ್ಯಾನ್ಸರ್ ತರಬಲ್ಲದೆಂಬ ಸಂದೇಹ ಗಟ್ಟಿಯಾಯಿತು, ನೆಲದಡಿಯ ನೀರಿಗೆ ಇಳಿದದ್ದು ತಿಳಿಯಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಡ್ರೈಕ್ಲೀನಿಂಗಿನಿಂದ ಅದನ್ನು ಹತ್ತು ವರ್ಷದಲ್ಲಿ ಹಂತಹಂತವಾಗಿ ತೆಗೆಯಬೇಕೆಂದು ನಿಯಮ ಮಾಡಿತು. ಈಗ ಅಲ್ಲಿನವರು ಹುಡುಕುತ್ತಿರುವ ಬದಲಿಗಳಲ್ಲಿ ಒಂದು ಮತ್ತೆ ಹೈಡ್ರೊಕಾರ್ಬನ್ ದ್ರಾವಕವೇ. ಹೊಸ ಯಂತ್ರ ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಹಳೆಯ ಎಂಟಿಒಗೆ ಅಂಟಿಕೊಂಡಿದ್ದ ನಮ್ಮ ಸಣ್ಣಪೇಟೆಯ ಅಂಗಡಿಯವರು ಹೀಗೆ ತಮಗೇ ಗೊತ್ತಿಲ್ಲದೆ ಕಾಲಕ್ಕಿಂತ ಮುಂದಿದ್ದರು.

ಸೀರೆಯಿಂದ ಹೊರಗೆ ಬಂದರೂ ಈ ಕುಟುಂಬ ನಮ್ಮನ್ನು ಬಿಡುವುದಿಲ್ಲ. ಯಳಂದೂರಿನ ಕಡೆ ಹೋಗೋಣ. ಯಳಂದೂರು ಎಂದರೆ ಓದಿದವರಿಗೆ ಸಂಚಿ ಹೊನ್ನಮ್ಮ ನೆನಪಾಗುತ್ತಾಳೆ, ನೋಡಿದವರಿಗೆ ಗೌರೀಶ್ವರ ಗುಡಿಯ ಬಳೆಮಂಟಪ. ಮೂಲೆಯಲ್ಲಿ ಒಂದೇ ಕಲ್ಲಿನಿಂದ ಬಿಡಿಸಿದ ಬಳೆಗಳ ಸರಪಣಿ ತೂಗುತ್ತದೆ. ಹೊಟ್ಟೆಪಾಡಿನವರಿಗೆ ನೆನಪಾಗುವುದು ಗದ್ದೆ, ಗದ್ದೆಯಿಂದ ಅಕ್ಕಿ ಗಿರಣಿ, ಗಿರಣಿಯಿಂದ ತವುಡು. ನಾವು ಹುಡುಗರಾಗಿದ್ದಾಗ ತವುಡು ಎಂದರೆ ಹಸುವಿನ ಬಾನಿಗೆ ಹಾಕುವುದು, ಅಷ್ಟೇ ಗೊತ್ತಿದ್ದದ್ದು. ಈಗ ಅದೇ ತವುಡು ಲಾರಿ ಹತ್ತಿ ಹೋಗಿ ಹೃದಯಕ್ಕೆ ಒಳ್ಳೆಯದೆಂಬ ಎಣ್ಣೆಯಾಗಿ ಬಾಟಲಿಯಲ್ಲಿ ವಾಪಸು ಬರುತ್ತದೆ. ತವುಡಿನಲ್ಲಿರುವ ಎಣ್ಣೆ ನೂರಕ್ಕೆ ಹದಿನೈದು ಇಪ್ಪತ್ತು. ಗಾಣಕ್ಕೆ ಹಾಕಿದರೆ ಹಿಟ್ಟು ಮುದ್ದೆಯಾಗುತ್ತದೆಯೇ ಹೊರತು ಎಣ್ಣೆ ಸರಿಯಾಗಿ ಬಿಡುವುದಿಲ್ಲ. ಅದಕ್ಕೆ ಬಳಸುವುದು ಎಂಟಿಒದ ಹಗುರ ದಾಯಾದಿ, ಹೆಕ್ಸೇನ್. ಆರು ಇಂಗಾಲದ ಎಣ್ಣೆ, 63ರಿಂದ 70 ಡಿಗ್ರಿಯೊಳಗೆ ಕುದಿದು ಹೋಗುತ್ತದೆ. ತವುಡಿನ ಮೇಲೆ ಸುರಿದರೆ ಎಣ್ಣೆಯನ್ನೆಲ್ಲ ಎಳೆದುಕೊಂಡು ಕೆಳಗಿಳಿಯುತ್ತದೆ. ಕಾಯಿಸಿದರೆ ಹೆಕ್ಸೇನ್ ಆವಿಯಾಗಿ ಬೇರೆಯಾಗುತ್ತದೆ, ಎಣ್ಣೆ ಉಳಿಯುತ್ತದೆ. ಆವಿಯನ್ನು ತಣಿಸಿ ಮತ್ತೆ ಹೊಸ ತವುಡಿಗೆ ಸುರಿಯುತ್ತಾರೆ. ಮಾರಾಟದ ಎಣ್ಣೆಯಲ್ಲಿ ಹೆಕ್ಸೇನ್ ಹತ್ತು ಲಕ್ಷಕ್ಕೆ ಐದು ಭಾಗಕ್ಕಿಂತ ಹೆಚ್ಚಿರಬಾರದೆಂದು ನಮ್ಮ ಆಹಾರ ಸುರಕ್ಷತೆಯ ಕಾನೂನು ಹೇಳುತ್ತದೆ. ಗಿರಣಿಯಿಂದ ತವುಡು ಬೇಗ ಹೊರಡದಿದ್ದರೆ ಅದರೊಳಗಿನ ಕಿಣ್ವವೇ ಎಣ್ಣೆಯನ್ನು ಕೆಡಿಸಿಬಿಡುತ್ತದೆ. ಹಾಗಾಗಿ ಈ ವ್ಯಾಪಾರದಲ್ಲಿ ನಾಳೆ ನೋಡೋಣ ಎಂಬ ಮಾತಿಲ್ಲ.

ರೇಷ್ಮೆಗೂ ಹೆಕ್ಸೇನಿಗೂ ಹಿಂಬಾಗಿಲ ನಂಟೊಂದಿದೆ. ಗೂಡಿನಿಂದ ನೂಲು ಬಿಚ್ಚಿದಮೇಲೆ ಒಳಗಿನ ಹುಳು ಉಳಿಯುತ್ತದಲ್ಲ, ಆ ಪ್ಯೂಪಾ ಒಣಗಿದಮೇಲೆ ಕಾಲು ಭಾಗದಷ್ಟು ಎಣ್ಣೆಯೇ. ಅದನ್ನೂ ದ್ರಾವಕ ಹಾಕಿ ತೆಗೆದು ಸೋಪಿಗೆ ಬಳಸುತ್ತಾರೆ, ಹಿಂಡಿ ಕೋಳಿಗೆ ಹೋಗುತ್ತದೆ. ನೂಲು ಬಿಚ್ಚುವ ಮನೆಗಳ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ನಡೆದವರಿಗೆ ಆ ವಾಸನೆಯಿಂದ ಸೋಪು ಹುಟ್ಟುತ್ತದೆಂದರೆ ನಂಬಿಕೆ ಬರುವುದು ಕಷ್ಟ. ಪಕ್ಕದ ಗುಂಡ್ಲುಪೇಟೆಯ ಚೆಂಡುಹೂವಿನದೂ ಇದೇ ದಾರಿ. ಊಟಿಗೆ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಆ ಹಳದಿ ಹೊಲಗಳ ಹೂವು ದೇವರಿಗಲ್ಲ, ಮದುವೆಗಲ್ಲ. ಒಣಗಿಸಿ, ಪುಡಿಮಾಡಿ, ಹೆಕ್ಸೇನ್ ಸುರಿದು ಬಣ್ಣ ತೆಗೆಯುತ್ತಾರೆ. ಅದು ಕೋಳಿಯ ಮೇವಿಗೆ ಸೇರಿ ಮೊಟ್ಟೆಯ ಹಳದಿಯನ್ನು ಇನ್ನಷ್ಟು ಹಳದಿ ಮಾಡುತ್ತದೆ. ಅರಿಶಿನದ ಹಳದಿಗೆ ಸೋತ ಮನೆತನ ಚೆಂಡುಹೂವಿನ ಹಳದಿಯ ಮೇಲೆ ಹೀಗೆ ಸೇಡು ತೀರಿಸಿಕೊಂಡಿದೆ.

ಯಳಂದೂರಿನಿಂದ ಬೆಟ್ಟ ಹತ್ತಿದರೆ ಬಿಳಿಗಿರಿರಂಗ. ಆತನಿಗೆ ಎರಡು ವರ್ಷಕ್ಕೊಮ್ಮೆ ಬೂದಿಪಡಗದವರು ಚರ್ಮದ ಚಪ್ಪಲಿ ಹೊಲಿದು ಒಪ್ಪಿಸುವ ಪದ್ಧತಿಯಿದೆ. ಒಂದಡಿ ಒಂಬತ್ತಂಗುಲದ ದೊಡ್ಡ ಚಪ್ಪಲಿ. ರಂಗಪ್ಪ ಕಾಡಿನಲ್ಲೆಲ್ಲ ಓಡಾಡಿ ಅದನ್ನು ಸವೆಸುತ್ತಾನೆಂಬ ನಂಬಿಕೆ. ದೇವರ ಚಪ್ಪಲಿಯ ಜೊತೆಗೆ ಮನುಷ್ಯರ ಚಪ್ಪಲಿಯ ಕತೆಯನ್ನೂ ಹೇಳಲೇಬೇಕು. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲೇ ಕೂತು ಅಗ್ಗದ ಚಪ್ಪಲಿಗಳ ಅಟ್ಟೆ ಅಂಟಿಸುತ್ತಿದ್ದ ಹತ್ತಾರು ಜನರಿಗೆ ಕೈಕಾಲು ಜೋಮುಹಿಡಿಯತೊಡಗಿತು. ಬೆರಳಿನ ತುದಿಯಿಂದ ಶುರುವಾಗಿ ಕಾಲು ಎತ್ತಿಡಲಾಗದಷ್ಟು ಬಲ ಕುಂದಿತು. ಅಂಟಿನಲ್ಲಿದ್ದ ಹೆಕ್ಸೇನ್ ಉಸಿರಿನ ಜೊತೆ ಒಳಹೋಗಿ, ಮೈಯೊಳಗೆ ಬೇರೊಂದು ವಸ್ತುವಾಗಿ ಮಾರ್ಪಟ್ಟು ನರಗಳನ್ನು ಕೆಡಿಸಿತ್ತು. ಬಾಗಿಲು ಹಾಕಿದ ಸಣ್ಣ ಕೋಣೆ, ದಿನವಿಡೀ ಕೆಲಸ, ಕಡಿಮೆ ಕೂಲಿ ಇಷ್ಟೇ ಸಾಕಾಯಿತು. ಎಂಟಿಒದಲ್ಲಿ ಹೆಕ್ಸೇನಿನ ಪಾಲು ಇಲ್ಲವೆನ್ನುವಷ್ಟು, ಅದು ಬೇರೆ ಗುಂಪು. ಹಾಗೆಂದು ಅದು ಸಾಧುವೂ ಅಲ್ಲ. 1970ರ ದಶಕದಲ್ಲಿ ಡೆನ್ಮಾರ್ಕ್, ಸ್ವೀಡನ್ನುಗಳಲ್ಲಿ ವರ್ಷಗಟ್ಟಲೆ ಮನೆಯೊಳಗೆ ಬಣ್ಣ ಬಳಿದ ಪೇಂಟರುಗಳ ನೆನಪಿನ ಶಕ್ತಿ ಕುಂದುವುದನ್ನು, ಸಿಡುಕು ಹೆಚ್ಚುವುದನ್ನು ವೈದ್ಯರು ಗಮನಿಸಿ ದ್ರಾವಕದ ಕಡೆ ಬೆರಳು ತೋರಿಸಿದರು.

ಪೇಂಟರುಗಳ ಮಾತು ಬಂತಲ್ಲ. ಎಂಟಿಒ ಅತಿಹೆಚ್ಚು ಖರ್ಚಾಗುವುದು ಇಸ್ತ್ರಿ ಅಂಗಡಿಯಲ್ಲಲ್ಲ, ಆಯಿಲ್ ಪೇಂಟಿನ ಡಬ್ಬಿಯಲ್ಲಿ. ನಮ್ಮ ಕಡೆ ಪೇಂಟರು ಕೇಳುವುದು "ಒಂದ್ ಲೀಟ್ರು ಟರ್ಪಂಟೈನ್ ತತ್ತೀರಾ ಸಾರ್" ಎಂದು. ಪೈನ್ ಮರದ ಅಂಟಿನಿಂದ ಬರುವ ಅಸಲಿ ಟರ್ಪಂಟೈನ್ ದುಬಾರಿಯಾದ್ದರಿಂದ ಅದರ ಜಾಗದಲ್ಲಿ ಎಂಟಿಒ ಕೂತು ಎಷ್ಟೋ ಕಾಲವಾಗಿದೆ. ಗೇಟು, ಕಿಟಕಿಯ ಸರಳು, ಲಾರಿಯ ಹಿಂಬದಿಯ ಮಾದಪ್ಪನ ಚಿತ್ರ, ಸಂಕ್ರಾಂತಿಗೆ ಎತ್ತಿನ ಕೊಂಬು, ಎಲ್ಲಕ್ಕೂ ಅದೇ. ಬಳಿದ ದಿನ ಮನೆಯೆಲ್ಲ ತುಂಬುವ ಆ ವಾಸನೆ ಬಣ್ಣದ್ದಲ್ಲ, ಹೊರಟುಹೋಗುತ್ತಿರುವ ದ್ರಾವಕದ್ದು. ಅದು ಹೋದಮೇಲೆ ಉಳಿದ ರಾಳ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹೀಗೆ ಆಮ್ಲಜನಕ ಹೀರುವಾಗ ಬಿಸಿಯೂ ಹುಟ್ಟುತ್ತದೆ. ಅಗಸೆಎಣ್ಣೆ, ಆಯಿಲ್ ಪೇಂಟು ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ರಾತ್ರೋರಾತ್ರಿ ತಾನಾಗಿಯೇ ಬೆಂಕಿ ಹತ್ತಬಹುದು. ಇದಕ್ಕೆ ಕೊಳ್ಳೇಗಾಲದ ಮಂತ್ರವಾದಿ ಬೇಕಿಲ್ಲ. ಬಟ್ಟೆಯನ್ನು ಹರವಿ ಒಣಗಿಸಿದರೆ ಆಯಿತು.

ಹನೂರಿನ ದಾರಿ ಹಿಡಿದರೆ ಈ ಮನೆತನದ ಇನ್ನೂ ಇಬ್ಬರು ಸಿಗುತ್ತಾರೆ. ಮಾದಪ್ಪನ ಬೆಟ್ಟದ ರಸ್ತೆಯಲ್ಲಿ ಪಂಕ್ಚರ್ ಹಾಕುವವನ ಪುಟ್ಟ ಟ್ಯೂಬಿನೊಳಗಿನ ಸೊಲ್ಯೂಷನ್ ಒಬ್ಬ. ರಬ್ಬರನ್ನು ಹಗುರ ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದ್ದು ಅದು. ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಮಳೆ ಅಂಗಿಗೆ ರಬ್ಬರು ಬಳಿದದ್ದೂ ಇದೇ ಉಪಾಯದಿಂದ. ಆತನ ದ್ರಾವಕ ಮಾತ್ರ ಕಲ್ಲಿದ್ದಲ ಟಾರಿನದು. ಸೊಲ್ಯೂಷನ್ ಹಚ್ಚಿದಕೂಡಲೆ ತೇಪೆ ಅಂಟಿಸಿದರೆ ನಿಲ್ಲುವುದಿಲ್ಲ, ದ್ರಾವಕ ಹಾರಿಹೋಗುವ ತನಕ ಕಾಯಬೇಕು. ಬೀಡಿ ಸೇದುತ್ತ ಕಾಯುವವರನ್ನು ಕಂಡರೆ ನನಗೆ ಮಾದಪ್ಪನೇ ಗತಿ ಅನ್ನಿಸುತ್ತದೆ. ಇನ್ನೊಬ್ಬ ಹೊಲದಲ್ಲಿದ್ದಾನೆ. ಎಷ್ಟೋ ಕೀಟನಾಶಕಗಳು ನೀರಿಗೆ ಕರಗವು. ಅವನ್ನು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿ, ನೀರಿಗೆ ಹೊಂದಿಸುವ ಸೋಪಿನಂಥದೊಂದನ್ನು ಬೆರೆಸಿ ಬಾಟಲಿಗೆ ತುಂಬುತ್ತಾರೆ. ಸ್ಪ್ರೇಯರಿನ ನೀರಿಗೆ ಸುರಿದಾಕ್ಷಣ ನೀರೆಲ್ಲ ಬೆಳ್ಳಗಾಗುವುದು ಅದಕ್ಕೇ. ಬೆಳ್ಳಗಾದಷ್ಟೂ ಔಷಧಿ ಜೋರು ಎಂದು ನಂಬಿದ ರೈತರಿದ್ದಾರೆ. ಆ ಬಿಳುಪು ಎಣ್ಣೆಹನಿಗಳದ್ದು, ಜೋರಿಗೂ ಅದಕ್ಕೂ ಸಂಬಂಧವಿಲ್ಲ. ಬೆಟ್ಟಕ್ಕೆ ಬಂದಮೇಲೆ ಮಾದಪ್ಪನ ಎಣ್ಣೆಮಜ್ಜನ ನೋಡದೆ ಹೋಗಬಾರದು. ನೋಡಿದವರ ಪಂಚೆ, ಶಲ್ಯ ಮಾರನೆಯ ವಾರ ಎಲ್ಲಿಗೆ ಹೋಗುತ್ತವೆಂದು ಈಗ ನಿಮಗೇ ಗೊತ್ತು.

ಇಂಥ ಉಪಕಾರಿಯನ್ನು ಕಳ್ಳದಾರಿಗೆ ಎಳೆದವರೂ ನಾವೇ. ಪೆಟ್ರೋಲಿಗೂ ಡೀಸೆಲಿಗೂ ಇಷ್ಟು ಹತ್ತಿರದ ರಕ್ತಸಂಬಂಧವಿದ್ದು, ಬೆಲೆ ಕಡಿಮೆಯಿದ್ದರೆ ಬೆರಕೆಯ ಆಸೆ ಹುಟ್ಟದಿರುತ್ತದೆಯೇ? ದ್ರಾವಕಗಳನ್ನು ವಾಹನದ ಇಂಧನಕ್ಕೆ ಸೇರಿಸಬಾರದೆಂದು ಕೇಂದ್ರ ಸರ್ಕಾರ 2000ದಲ್ಲಿ ಪ್ರತ್ಯೇಕ ಆದೇಶವನ್ನೇ ಹೊರಡಿಸಬೇಕಾಯಿತು. ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದೂ ಇದೇ ಕಳ್ಳತನ ಹಿಡಿಯಲು. ಎಸ್. ಮಂಜುನಾಥ್ ಎಂಬ ಹುಡುಗನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಕೆಜಿಎಫ್ ಕಡೆಯವನು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವನು, ಲಖನೌದ ಐಐಎಂನಿಂದ ಇಂಡಿಯನ್ ಆಯಿಲ್ ಸೇರಿದ್ದ. ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. ಇಪ್ಪತ್ತೇಳು ವರ್ಷ ವಯಸ್ಸು. ಕೊಂದವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಹತ್ತು ವರ್ಷದ ನಂತರ. ನಮ್ಮ ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಅವನ ಊರಿನ ಚಿನ್ನದ ಗಣಿಗೆ. ಅಲ್ಲಿನ ಹುಡುಗನೊಬ್ಬ ಇಷ್ಟು ಗಟ್ಟಿಯಾಗಿ ನಿಂತನಲ್ಲ ಎಂದು ನನಗೆ ಹೆಮ್ಮೆ.

ಮಗ್ಗದ ಮನೆಯ ಒಂದು ವಿಷಯ ಬಾಕಿ ಉಳಿಯಿತು. ಪೆಟ್ರೋಲಿನದಾಗಲಿ ಎಂಟಿಒದ್ದಾಗಲಿ, ಆವಿ ಗಾಳಿಗಿಂತ ಭಾರ. ಮೇಲಕ್ಕೆ ಏರದೆ ನೆಲದುದ್ದಕ್ಕೂ ಹರಿದು ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ನಮ್ಮ ಕೈಮಗ್ಗಗಳಲ್ಲಿ ನೆಲ ತೋಡಿ ಕಾಲು ಇಳಿಬಿಟ್ಟು ಕೂರುವ ಗುಂಡಿಮಗ್ಗಗಳುಂಟು. ನೇಯುವಾಗ ಲಾಳಿಗೋ ಜಕಾರ್ಡಿಗೋ ಬಿಟ್ಟ ಎಣ್ಣೆ ಸೀರೆಯ ಮೇಲೆ ಒಂದು ಹನಿ ಬಿದ್ದರೆ ಪೆಟ್ರೋಲು ಅದ್ದಿದ ಬಟ್ಟೆಯಿಂದ ಅಲ್ಲೇ ಒರೆಸುವುದು ಸುಲಭ ಅನ್ನಿಸುತ್ತದೆ. ಒರೆಸಿದಮೇಲೆ ಆವಿ ಇಳಿಯುವುದು ನೇಕಾರರ ಕಾಲಿರುವ ಗುಂಡಿಗೇ. ಕಿಟಕಿ ಮೇಲಿದ್ದರೆ ಗುಂಡಿಯೊಳಗೆ ಗಾಳಿ ಆಡುವುದಿಲ್ಲ. ಸೀರೆಯನ್ನು ಮಗ್ಗದಿಂದ ಇಳಿಸಿ ಅಂಗಳಕ್ಕೆ ತಂದು ಒರೆಸುವುದು ಒಳ್ಳೆಯದು, ಅದೂ ಬಂಕಿನ ಪೆಟ್ರೋಲಿನಿಂದ ಅಲ್ಲ.

ಮನೆಯಲ್ಲೂ ಕೆಲವರು "ಅಂಗಡಿಗ್ಯಾಕೆ ಇನ್ನೂರು ಕೊಡ್ಬೇಕು" ಎಂದು ಸ್ಕೂಟರಿನಿಂದ ಪೆಟ್ರೋಲು ಇಳಿಸಿ ಬಚ್ಚಲುಮನೆಯ ಬಕೆಟ್ಟಿನಲ್ಲಿ ಸೀರೆ ಅದ್ದುತ್ತಾರೆ. ರೇಷ್ಮೆಯನ್ನು ಒಣಗಾಳಿಯಲ್ಲಿ ಉಜ್ಜಿದರೆ ಚಿಟಪಟ ಎಂದು ಸಣ್ಣ ಕಿಡಿ ಹಾರುವುದನ್ನು ಕತ್ತಲೆಯಲ್ಲಿ ನೋಡಿರುತ್ತೀರಿ. ಪೆಟ್ರೋಲಿನ ಆವಿಗೆ ಅಷ್ಟೇ ಸಾಕು. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಅಂಗಡಿಗೆ ಕೊಡುವಾಗ "ತೊಳ್ದು ಕೊಡಪ್ಪ" ಎಂದಷ್ಟೇ ಹೇಳದೆ, ಇಲ್ಲಿ ತುಪ್ಪ, ಇಲ್ಲಿ ಪಾಯಸ, ಇಲ್ಲಿ ಅರಿಶಿನ ಎಂದು ಬೆರಳಿಟ್ಟು ತೋರಿಸಿ. ಕಲೆಯ ಜಾತಿ ಗೊತ್ತಾದರೆ ಆತನ ಅರ್ಧ ಕೆಲಸ ಮುಗಿದಂತೆ. ತಂದಮೇಲೆ ಪ್ಲಾಸ್ಟಿಕ್ ಕವರಿನಿಂದ ತೆಗೆದು ಒಂದು ದಿನ ನೆರಳಿನಲ್ಲಿ, ಗಾಳಿ ಆಡುವ ಕಡೆ ಹರವಿ, ವಾಸನೆ ಪೂರ್ತಿ ಹೋದಮೇಲೆ ಬೀರುವಿಗೆ ಇಡಿ. ಅಂಗಡಿಯವರ ಕಿಟಕಿ ಮುಚ್ಚಿರುವುದು ಕಂಡರೆ ತೆರೆಯಲು ಹೇಳಿ. ಸೀರೆ ನಿಮ್ಮದು ಒಂದು ದಿನ, ಆ ಗಾಳಿ ಅವರದು ದಿನಾಲೂ.